‘ಮಿಡ್‌ನೈಟ್ ಆಯಿಲ್’ ಸುಡುವುದು ಅಂದರೆ ಏನು? ಆಫೀಸಿನ ಅವಸರದ ಇಂಗ್ಲಿಷ್ ನುಡಿಗಟ್ಟುಗಳ ಪರಿಚಯ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳು ಈಗ ಎಲ್ಲೆಲ್ಲೋ ಕೆಲಸದಲ್ಲಿದ್ದಾರೆ. ಕುಂಬಳೆ, ಮಂಜೇಶ್ವರದಿಂದ ಬೆಳಗ್ಗೆ ರೈಲು ಹತ್ತಿ ಮಂಗಳೂರಿಗೆ ಹೋಗುವವರಿದ್ದಾರೆ. ಬೆಂಗಳೂರು, ಕೊಚ್ಚಿಯಲ್ಲಿ ರೂಮು ಮಾಡಿಕೊಂಡವರಿದ್ದಾರೆ. 2020ರ ಕೊರೋನಾ ಕಾಲದ ನಂತರ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಗಳ ಚಾವಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಅಮೆರಿಕದ ಕಂಪನಿಗೆ ದುಡಿಯುವವರೂ ಇದ್ದಾರೆ.

ಇವರಿಗೆ ಭಾಷೆ ಹೊಸತಲ್ಲ. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಮರಾಠಿಯೋ, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಹತ್ತು ವರ್ಷ ತುಂಬುವ ಮೊದಲೇ ಮೂರು ಭಾಷೆ ಕಲಿತ ಮಕ್ಕಳು ಇವರು. ಆದರೂ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಇಂಥದೊಂದು ಮೆಸೇಜು ಬಂದರೆ ತಡವರಿಸುತ್ತಾರೆ: “ವಿ ಆರ್ ಡೌನ್ ಟು ದ ವಯರ್. ವಿ ನೀಡ್ ಆಲ್ ಹ್ಯಾಂಡ್ಸ್ ಆನ್ ಡೆಕ್. ಕ್ಯಾನ್ ಯು ಸ್ಟ್ರೆಚ್ ಟುಡೇ?” ಇದರಲ್ಲಿ ಗೊತ್ತಿಲ್ಲದ ಪದ ಒಂದೂ ಇಲ್ಲ. ವಯರ್ ಅಂದರೆ ತಂತಿ, ಡೆಕ್ ಅಂದರೆ ಹಡಗಿನ ಮೇಲಿನ ಹಾಸು, ಸ್ಟ್ರೆಚ್ ಅಂದರೆ ಎಳೆಯುವುದು. ಎಲ್ಲ ಸೇರಿಸಿದರೆ ಮಾತ್ರ ಏನೂ ಕೈಗೆ ಸಿಗುವುದಿಲ್ಲ.

ಇದನ್ನು ಕೇಳಿ ಸುಮ್ನೆ ತಲೆಯಾಡಿಸುವುದು ಸುಲಭ. ಆದರೆ ಆ ಮೂರು ವಾಕ್ಯಗಳಲ್ಲಿ ಮೂರು ಗಟ್ಟಿ ಮಾಹಿತಿಗಳಿವೆ. ಸಮಯ ಎಷ್ಟು ಉಳಿದಿದೆ, ಯಾರೆಲ್ಲ ಕೆಲಸಕ್ಕೆ ಇಳಿಯಬೇಕು, ನಿನ್ನಿಂದ ಏನು ಕೇಳುತ್ತಿದ್ದಾರೆ ಅನ್ನುವುದು ಅಲ್ಲಿದೆ. ಅವಸರದ ಇಂಗ್ಲಿಷ್ ನುಡಿಗಟ್ಟುಗಳನ್ನು ಅರ್ಥ ಮಾಡಿಕೊಳ್ಳುವಾಗ ಈ ಮೂರನ್ನೇ ಹುಡುಕಬೇಕು. ಇನ್ನೊಂದು ವಿಷಯವೂ ಇದೆ. ಕೆಲವು ನುಡಿಗಟ್ಟು ಹೊಗಳಿಕೆ, ಕೆಲವು ಎಚ್ಚರಿಕೆ. ಎರಡೂ ಕಿವಿಗೆ ಒಂದೇ ಥರ ಕೇಳಬಹುದು.

ನುಡಿಗಟ್ಟು ಅಂದರೆ

ಪದಗಳ ಅರ್ಥ ಕೂಡಿಸಿದರೆ ಸಿಗದ ಅರ್ಥ ಇಡೀ ಮಾತಿಗೆ ಇದ್ದರೆ ಅದು ನುಡಿಗಟ್ಟು. ನಮ್ಮಲ್ಲಿ “ತಲೆ ತುರಿಸಲು ಪುರುಸೊತ್ತಿಲ್ಲ” ಅನ್ನುತ್ತೇವೆ. ಅಲ್ಲಿ ತಲೆಯ ತುರಿಕೆಯ ವಿಚಾರ ಇಲ್ಲ, ಕೆಲಸದ ಒತ್ತಡದ ವಿಚಾರ ಇದೆ. “ಟೊಂಕ ಕಟ್ಟಿ ನಿಂತರು” ಅಂದಾಗ ಯಾರೂ ಸೊಂಟ ನೋಡುವುದಿಲ್ಲ. ಹುಟ್ಟಿನಿಂದ ಕೇಳಿದ ಮಾತಾದ್ದರಿಂದ ನಮಗೆ ಚಿತ್ರ ಕಾಣುವ ಮೊದಲೇ ಅರ್ಥ ಬಂದುಬಿಡುತ್ತದೆ.

ಇಂಗ್ಲಿಷಿನವರಿಗೂ ಹಾಗೆಯೇ. ಅವರ ಮಾತು ಬಂದದ್ದು ಅವರ ಹಡಗು, ಚರ್ಚು, ಕುದುರೆ ಪಂದ್ಯ, ಬೆಂಕಿಗೂಡುಗಳಿಂದ. ಆ ಹಿನ್ನೆಲೆ ಗೊತ್ತಾದರೆ ಅರ್ಥ ಮರೆಯುವುದಿಲ್ಲ. ಆ ಮಾತಿನ ತೂಕವೂ ತಿಳಿಯುತ್ತದೆ.

ಡೆಡ್‌ಲೈನ್: ದಾಟಿದರೆ ಗುಂಡು

ಎಲ್ಲದರ ತಾಯಿಬೇರು ಈ ಪದ. ಇವತ್ತು ಪಂಚಾಯತು ಕಚೇರಿಯ ಅರ್ಜಿಗೂ ಡೆಡ್‌ಲೈನ್ ಅನ್ನುತ್ತೇವೆ. ಮೊದಲು ಇದು ನಿಜವಾದ ಗೆರೆಯಾಗಿತ್ತು.

1861ರಿಂದ 1865ರ ತನಕ ಅಮೆರಿಕದಲ್ಲಿ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ದಕ್ಷಿಣದವರು ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್‌ನಲ್ಲಿ 1864ರಲ್ಲಿ ಒಂದು ಸೆರೆಶಿಬಿರ ತೆರೆದರು. ಸುತ್ತ ಎತ್ತರದ ಮರದ ಗೋಡೆ. ಗೋಡೆಯಿಂದ ಸುಮಾರು 19 ಅಡಿ ಒಳಗೆ ಒಂದು ತಗ್ಗಾದ ಬೇಲಿ. ಅದಕ್ಕೆ ‘ಡೆಡ್ ಲೈನ್’ ಎಂದು ಹೆಸರು. ಕೈದಿಯೊಬ್ಬ ಅದನ್ನು ದಾಟಿದರೆ, ಮುಟ್ಟಿದರೂ ಸಾಕು, ಕಾವಲುಗಾರ ಗುಂಡು ಹೊಡೆಯಬಹುದಿತ್ತು. ಆ ಶಿಬಿರಕ್ಕೆ ಒಟ್ಟು ಸುಮಾರು 45,000 ಕೈದಿಗಳನ್ನು ತಂದಿದ್ದರು. ಹಸಿವು, ಕಾಯಿಲೆಯಿಂದ 13,000ದಷ್ಟು ಜನ ಸತ್ತರು. ಯುದ್ಧ ಮುಗಿದ ಮೇಲೆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನ ವಿಚಾರಣೆ ನಡೆದು, 1865ರ ನವೆಂಬರ್ 10ರಂದು ಅವನನ್ನು ಗಲ್ಲಿಗೇರಿಸಿದರು. ಆ ವಿಚಾರಣೆಯ ಸುದ್ದಿಗಳ ಮೂಲಕ ಈ ಪದ ಜನರಿಗೆ ಪರಿಚಯವಾಯಿತು.

ಅಲ್ಲಿಂದ ಅದು ಗಡಿಯಾರಕ್ಕೆ ಬಂದದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ, ಅಮೆರಿಕದ ಪತ್ರಿಕೆಗಳ ಮೂಲಕ. ಅಚ್ಚಿನ ಕೆಲಸದಲ್ಲೂ ಒಂದು ‘ಡೆಡ್ ಲೈನ್’ ಇತ್ತು. ಯಂತ್ರದ ಹಾಸಿನ ಮೇಲೆ ಗೆರೆ ಎಳೆದಿರುತ್ತಿದ್ದರು. ಅದರ ಆಚೆ ಜೋಡಿಸಿದ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. ಪತ್ರಿಕೆಯವರಿಗೆ ಸುದ್ದಿ ತಲುಪಿಸಲು ಕೊನೆಯ ಸಮಯಕ್ಕೂ ಅದೇ ಹೆಸರು ಅಂಟಿಕೊಂಡಿತು.

ಈಗ ಆಫೀಸುಗಳಲ್ಲಿ ಇದರಲ್ಲೇ ಎರಡು ಬಗೆ ಮಾಡುತ್ತಾರೆ. ‘ಹಾರ್ಡ್ ಡೆಡ್‌ಲೈನ್’ ಅಂದರೆ ಅಲುಗದ ದಿನ. ‘ಸಾಫ್ಟ್ ಡೆಡ್‌ಲೈನ್’ ಅಂದರೆ ಆಚೀಚೆ ಆದರೂ ನಡೆಯುತ್ತದೆ. ಅಡಿಕೆ ತೋಟ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಸೊಪ್ಪು ಹಾಕುವುದು ಒಂದು ವಾರ ತಡವಾದರೆ ತೋಟ ಹಾಳಾಗುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಬೋರ್ಡೋ ಮದ್ದು ಬಿಡದಿದ್ದರೆ ಮಹಾಳಿ ರೋಗಕ್ಕೆ ಗೊನೆಯೇ ಉದುರಿಹೋಗುತ್ತದೆ. ಎರಡನೆಯದು ಹಾರ್ಡ್ ಡೆಡ್‌ಲೈನ್. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವ ಡೆಡ್‌ಲೈನ್ ಕೊಟ್ಟರೂ “ಇದು ಹಾರ್ಡಾ, ಸಾಫ್ಟಾ?” ಎಂದು ಕೇಳಬಹುದು. ಆಫೀಸಿನಲ್ಲಿ ಅದು ತಪ್ಪು ಪ್ರಶ್ನೆ ಅಲ್ಲ, ಬುದ್ಧಿವಂತರ ಪ್ರಶ್ನೆ.

ಹನ್ನೊಂದನೇ ಗಂಟೆ ಅಂದರೆ ಸಂಜೆ ಐದು

ಸಮಯ ಎಷ್ಟು ಉಳಿದಿದೆ ಎಂದು ಹೇಳುವ ನುಡಿಗಟ್ಟುಗಳಲ್ಲಿ ‘ಅಟ್ ದ ಇಲೆವೆಂತ್ ಅವರ್’ ಹಳೆಯದು. ಕನ್ನಡ ಪತ್ರಿಕೆಗಳೂ ಕೆಲವೊಮ್ಮೆ ‘ಹನ್ನೊಂದನೇ ಗಂಟೆಯಲ್ಲಿ’ ಎಂದು ಬರೆಯುತ್ತವೆ. ಓದುವವರಿಗೆ ಇದು ರಾತ್ರಿ ಹನ್ನೊಂದೋ, ಹಗಲು ಹನ್ನೊಂದೋ ಎಂಬ ಗೊಂದಲ. ಎರಡೂ ಅಲ್ಲ.

ಈ ಮಾತು ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಿಂದ ಬಂದದ್ದು. ಅಲ್ಲಿ ಯೇಸು ಹೇಳುವ ಒಂದು ಕಥೆ ಇದೆ. ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆ ಕೂಲಿಯವರನ್ನು ಕರೆಯುತ್ತಾನೆ. ಆಮೇಲೆ ಹೊತ್ತು ಹೊತ್ತಿಗೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಕೊನೆಯ ತಂಡ ಬರುವುದು ಹನ್ನೊಂದನೇ ತಾಸಿನಲ್ಲಿ. ಆ ಕಾಲದಲ್ಲಿ ಹಗಲನ್ನು ಸೂರ್ಯ ಹುಟ್ಟಿದಾಗಿನಿಂದ ಹನ್ನೆರಡು ತಾಸು ಎಂದು ಲೆಕ್ಕ ಹಾಕುತ್ತಿದ್ದರು. ಹಾಗಾಗಿ ಹನ್ನೊಂದನೇ ತಾಸು ಅಂದರೆ ಸುಮಾರು ಸಂಜೆ ಐದು ಗಂಟೆ. ಕೆಲಸ ನಿಲ್ಲಿಸಲು ಒಂದೇ ತಾಸು ಬಾಕಿ. ಕನ್ನಡದ ‘ಕೊನೇ ಗಳಿಗೆ’ಯೇ ಇದು. ಆ ಕಥೆಯಲ್ಲಿ ಕೊನೆಗೆ ಬಂದವರಿಗೂ ಇಡೀ ದಿನದ ಕೂಲಿಯೇ ಸಿಗುತ್ತದೆ. ಇಂದಿನ ಬಳಕೆಯಲ್ಲಿ ಆ ಭಾಗ ಉಳಿದಿಲ್ಲ, ಅವಸರ ಮಾತ್ರ ಉಳಿದಿದೆ.

‘ಡೌನ್ ಟು ದ ವಯರ್’ ಇನ್ನೂ ಬಿಗಿಯಾದ ಮಾತು. ಇದು 19ನೇ ಶತಮಾನದ ಅಮೆರಿಕದ ಕುದುರೆ ಪಂದ್ಯದ್ದು. ಓಟ ಮುಗಿಯುವ ಜಾಗದಲ್ಲಿ ಮೈದಾನದ ಮೇಲಿಂದ ಅಡ್ಡಲಾಗಿ ತಂತಿ ಕಟ್ಟಿರುತ್ತಿದ್ದರು. ಯಾವ ಕುದುರೆಯ ಮೂಗು ಆ ತಂತಿಯ ಕೆಳಗೆ ಮೊದಲು ಬಂತು ಎಂದು ತೀರ್ಪುಗಾರರು ನೋಡುತ್ತಿದ್ದರು. ಓಟ ತಂತಿಯ ತನಕ ಬಂತು ಅಂದರೆ ಕೊನೆಯ ಕ್ಷಣದವರೆಗೂ ಗೆಲುವು ಯಾರದು ಎಂದು ಗೊತ್ತಾಗಲಿಲ್ಲ ಎಂದು ಅರ್ಥ. ಆಫೀಸಿನಲ್ಲಿ ಈ ಮಾತು ಬಂದರೆ ಕೆಲಸ ಮುಗಿಯುತ್ತದೋ ಇಲ್ಲವೋ ಎಂಬ ಅನುಮಾನ ಹೇಳುವವರಿಗೇ ಇದೆ. ‘ಇಲೆವೆಂತ್ ಅವರ್’ನಲ್ಲಿ ಆ ಅನುಮಾನ ಅಷ್ಟಿಲ್ಲ, ತಡವಾಯಿತು ಎಂಬುದಷ್ಟೇ ಇದೆ.

‘ಅಗೇನ್‌ಸ್ಟ್ ದ ಕ್ಲಾಕ್’ ಅಂದರೆ ಗಡಿಯಾರದ ಜೊತೆ ಪೈಪೋಟಿ. ‘ರೌಂಡ್ ದ ಕ್ಲಾಕ್’ ಬೇರೆ. ಅದು ಹಗಲಿರುಳು ಬಿಡದೆ ನಡೆಯುವ ಕೆಲಸ. ಮೊದಲನೆಯದರಲ್ಲಿ ಸಮಯ ಕಡಿಮೆ, ಎರಡನೆಯದರಲ್ಲಿ ಕೆಲಸ ನಿಲ್ಲುವುದೇ ಇಲ್ಲ. ಒಂದು ಆಸ್ಪತ್ರೆ ರೌಂಡ್ ದ ಕ್ಲಾಕ್ ತೆರೆದಿರುತ್ತದೆ. ಅಲ್ಲಿ ಅವಸರ ಇರಲೇಬೇಕೆಂದಿಲ್ಲ. ‘ಕ್ರಂಚ್ ಟೈಮ್’ ಅಂದರೆ ಎಲ್ಲ ಒಟ್ಟಿಗೆ ಬಂದು ಅಮುಕುವ ಹೊತ್ತು. ಕ್ರಂಚ್ ಎಂದರೆ ಏನಾದರೂ ಹಿಂಡಿ ಪುಡಿಯಾಗುವ ಸದ್ದು. ವಿಡಿಯೋ ಗೇಮ್ ತಯಾರಿಸುವ ಕಂಪನಿಗಳಲ್ಲಿ ಗೇಮ್ ಬಿಡುಗಡೆಗೆ ಮೊದಲಿನ ವಾರಗಳನ್ನು ‘ಕ್ರಂಚ್’ ಎಂದೇ ಕರೆಯುತ್ತಾರೆ.

ಎಣ್ಣೆ ಒಂದು, ಮೇಣದಬತ್ತಿ ಇನ್ನೊಂದು

ಈಗ ಬಹಳ ಜನ ತಪ್ಪು ಮಾಡುವ ಜೋಡಿಗೆ ಬರೋಣ. ‘ಬರ್ನಿಂಗ್ ದ ಮಿಡ್‌ನೈಟ್ ಆಯಿಲ್’ ಮತ್ತು ‘ಬರ್ನಿಂಗ್ ದ ಕ್ಯಾಂಡಲ್ ಅಟ್ ಬೋತ್ ಎಂಡ್ಸ್’. ಎರಡರಲ್ಲೂ ಸುಡುವುದಿದೆ, ಎರಡರಲ್ಲೂ ರಾತ್ರಿಯ ಬೆಳಕಿದೆ. ಅರ್ಥ ಮಾತ್ರ ಹೆಚ್ಚುಕಡಿಮೆ ಎದುರುಬದುರು.

ಮೊದಲನೆಯದು ದೀಪದ ಎಣ್ಣೆಯ ಮಾತು. ಕರೆಂಟು ಬರುವ ಮೊದಲು ರಾತ್ರಿ ಓದಬೇಕಾದರೆ ಎಣ್ಣೆ ಸುಡಲೇಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಚಿಮಿಣಿ ಎಣ್ಣೆಯ ದೀಪದಲ್ಲಿ ಓದಿದ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಗ್ಲಿಷ್ ಕವಿ ಫ್ರಾನ್ಸಿಸ್ ಕ್ವಾರ್ಲ್ಸ್ 1635ರಲ್ಲೇ ನಡುರಾತ್ರಿಯ ಎಣ್ಣೆಯನ್ನು ದುಡಿಮೆಯ ಗುರುತಾಗಿ ಬಳಸಿದ್ದಾನೆ. ಎಣ್ಣೆಗೆ ದುಡ್ಡು ಬೇಕು. ಆ ಖರ್ಚನ್ನೂ ಲೆಕ್ಕಿಸದೆ ಕೂತು ಓದಿದ ಅಥವಾ ಬರೆದ ಅನ್ನುವ ಮೆಚ್ಚುಗೆ ಈ ಮಾತಿನಲ್ಲಿದೆ. ಮ್ಯಾನೇಜರು ನಿಮ್ಮ ಬಗ್ಗೆ ಇದನ್ನು ಹೇಳಿದರೆ ಹೊಗಳಿದರು ಎಂದೇ ತಿಳಿಯಬಹುದು.

ಎರಡನೆಯದು ಫ್ರೆಂಚಿನಿಂದ ಬಂತು. 1611ರಲ್ಲಿ ರ‍್ಯಾಂಡಲ್ ಕಾಟ್‌ಗ್ರೇವ್ ತಯಾರಿಸಿದ ಫ್ರೆಂಚ್–ಇಂಗ್ಲಿಷ್ ನಿಘಂಟಿನಲ್ಲಿ ಇದು ಸಿಗುತ್ತದೆ. ಆಗ ಇದರ ಅರ್ಥ ದುಂದುವೆಚ್ಚ. ಮೇಣದಬತ್ತಿ ದುಬಾರಿ ವಸ್ತು. ಎರಡೂ ತುದಿಗೆ ಬೆಂಕಿ ಕೊಟ್ಟರೆ ಬೆಳಕೇನೋ ಜಾಸ್ತಿ, ಆದರೆ ಬತ್ತಿ ಬೇಗ ಮುಗಿಯುತ್ತದೆ. ಹಣಕ್ಕೆ ಹೇಳುತ್ತಿದ್ದ ಮಾತು ಕ್ರಮೇಣ ದೇಹಕ್ಕೆ ಬಂತು. ಬೆಳಗ್ಗೆ ಬೇಗ ಎದ್ದು, ರಾತ್ರಿ ತಡವಾಗಿ ಮಲಗಿ, ತನ್ನನ್ನೇ ಖರ್ಚು ಮಾಡಿಕೊಳ್ಳುವವರಿಗೆ ಇದನ್ನು ಹೇಳುತ್ತಾರೆ. ಇದು ಎಚ್ಚರಿಕೆ. ಸಹೋದ್ಯೋಗಿ ಹೀಗೆ ಹೇಳಿದಾಗ “ಥ್ಯಾಂಕ್ಸ್” ಎಂದರೆ ಅವರು ಗಲಿಬಿಲಿಯಾಗುತ್ತಾರೆ. ಅವರು ಹೇಳಿದ್ದು “ಸ್ವಲ್ಪ ನಿಲ್ಲಿಸು ಮಾರಾಯ” ಎಂದು.

ಈ ಎಚ್ಚರಿಕೆಗೆ ಗಟ್ಟಿ ಆಧಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು.

‘ಬರ್ನ್‌ಔಟ್’ ಅನ್ನುವ ಪದವೂ ಇದೇ ಬೆಂಕಿಯ ಕುಟುಂಬದ್ದು. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರ ಲೇಖನದಲ್ಲಿ, ದುಡಿದು ದುಡಿದು ಒಳಗಿನಿಂದ ಬರಿದಾದವರ ಸ್ಥಿತಿಗೆ ಈ ಹೆಸರು ಬಳಸಿದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ರೋಗಗಳ ವರ್ಗೀಕರಣದ ಪುಸ್ತಕದಲ್ಲಿ ವಿವರಿಸಿತು. ಅಲ್ಲಿ ಇದನ್ನು ಕಾಯಿಲೆ ಎನ್ನಲಿಲ್ಲ, ಕೆಲಸದಿಂದ ಬರುವ ಒಂದು ಸ್ಥಿತಿ ಎಂದಿತು. ಹಾಗಾಗಿ “ಐ ಆ್ಯಮ್ ಬರ್ನ್ಟ್ ಔಟ್” ಅಂದರೆ ಇವತ್ತು ಸುಸ್ತಾಗಿದೆ ಎಂದಲ್ಲ. ಒಂದು ದಿನದ ಸುಸ್ತಿಗೆ ‘ಟೈರ್ಡ್’ ಸಾಕು.

ಮೂಗು, ಹೆಗಲು, ಬೆರಳ ಗಂಟು

ಕಷ್ಟಪಟ್ಟು ದುಡಿಯುವುದನ್ನು ಹೇಳಲು ಇಂಗ್ಲಿಷ್ ಮೈಯ ಭಾಗಗಳನ್ನು ಬಹಳ ಬಳಸುತ್ತದೆ.

‘ನೋಸ್ ಟು ದ ಗ್ರೈಂಡ್‌ಸ್ಟೋನ್’ ಅಂದರೆ ಸಾಣೆಕಲ್ಲಿಗೆ ಮೂಗು. ಈಗಿನ ಅರ್ಥ, ತಲೆ ಎತ್ತದೆ ಒಂದೇ ಸಮನೆ ದುಡಿಯುವುದು. ಇದರ ಬಗ್ಗೆ ನಾನಾ ಕಥೆಗಳಿವೆ. ಗಿರಣಿಯವನು ಹಿಟ್ಟು ಸೀದ ವಾಸನೆ ನೋಡಲು ಮೂಗು ಹತ್ತಿರ ಒಯ್ಯುತ್ತಿದ್ದ ಅನ್ನುವುದು ಅದರಲ್ಲೊಂದು. ಹಳೆಯ ಬಳಕೆ ನೋಡಿದರೆ ಆ ಕಥೆ ನಿಲ್ಲುವುದಿಲ್ಲ. 1532ರಲ್ಲಿ ಜಾನ್ ಫ್ರಿತ್ ಎಂಬ ಧರ್ಮಸುಧಾರಕ ಈ ಮಾತು ಬಳಸಿದಾಗ ಅದರ ಅರ್ಥ ಇನ್ನೊಬ್ಬರ ಮೂಗನ್ನು ಹಿಡಿದು ಕಲ್ಲಿಗೆ ಒತ್ತುವುದು. ಅಂದರೆ ಹಿಂಸೆ. ಆಮೇಲೆ ಅದು ತಾನೇ ಇಟ್ಟುಕೊಳ್ಳುವ ಮೂಗಾಯಿತು. ಈಗಲೂ ಈ ಮಾತಿನಲ್ಲಿ ಸಂತೋಷ ಕಡಿಮೆ. ಬೇಸರದ, ಮುಗಿಯದ ಕೆಲಸಕ್ಕೆ ಇದು ಹೊಂದುತ್ತದೆ. ಉತ್ಸಾಹದಿಂದ ಮಾಡಿದ ಕೆಲಸಕ್ಕೆ ಹೊಂದುವುದಿಲ್ಲ.

‘ಶೋಲ್ಡರ್ ಟು ದ ವೀಲ್’ ಹಾಗಲ್ಲ. ಇದು ಈಸೋಪನ ನೀತಿಕಥೆಯದು. ಕೆಸರಿನಲ್ಲಿ ಗಾಡಿಯ ಚಕ್ರ ಹೂತುಹೋಗುತ್ತದೆ. ಗಾಡಿಯವನು ಕೂತು ಹರ್ಕ್ಯುಲಿಸ್ ದೇವರನ್ನು ಕರೆಯುತ್ತಾನೆ. ದೇವರು ಬಂದು, ಮೊದಲು ನಿನ್ನ ಹೆಗಲು ಚಕ್ರಕ್ಕೆ ಕೊಡು ಅನ್ನುತ್ತಾನೆ. ಕನ್ನಡದ ‘ಹೆಗಲು ಕೊಡು’ ಇದಕ್ಕೆ ಹತ್ತಿರ, ಆದರೆ ನಮ್ಮದರಲ್ಲಿ ಇನ್ನೊಬ್ಬರ ಭಾರಕ್ಕೆ ನೆರವಾಗುವ ಭಾವ ಜಾಸ್ತಿ. ಇಂಗ್ಲಿಷಿನದರಲ್ಲಿ ತನ್ನ ಕೆಲಸಕ್ಕೆ ತಾನೇ ಇಳಿಯುವುದೂ ಸೇರುತ್ತದೆ.

‘ನಕಲ್ ಡೌನ್’ ಗೋಲಿಯಾಟದ ಮಾತು. ಗೋಲಿ ಹೊಡೆಯುವಾಗ ಬೆರಳ ಗಂಟನ್ನು ನೆಲಕ್ಕೆ ಊರಬೇಕು ಎಂಬುದು ಅಲ್ಲಿಯ ನಿಯಮ. ಅಲ್ಲಿಂದ, ಆಟ ಬಿಟ್ಟು ಗಂಭೀರವಾಗಿ ಕೆಲಸಕ್ಕೆ ಕೂರು ಎಂಬ ಅರ್ಥಕ್ಕೆ ಬಂತು. ‘ಬಕಲ್ ಡೌನ್’ ಅಂದರೂ ಅದೇ. ಇದು ನಮ್ಮ ‘ಟೊಂಕ ಕಟ್ಟು’ವಿನ ಹತ್ತಿರದ ನೆಂಟ. ‘ನಕಲ್ ಅಂಡರ್’ ಎಂದು ಮಾತ್ರ ಬರೆಯಬೇಡಿ. ಅದಕ್ಕೆ ಸೋತು ಶರಣಾಗುವುದು ಎಂದು ಅರ್ಥ.

‘ಎಲ್ಬೋ ಗ್ರೀಸ್’ ಅಂದರೆ ಮೊಣಕೈ ಜಿಡ್ಡು. ಪಾತ್ರೆ ತಿಕ್ಕುವುದು, ನೆಲ ಉಜ್ಜುವುದು, ಇಂಥ ಮೈಮುರಿಯುವ ಕೆಲಸಕ್ಕೆ ಹಾಕುವ ಶಕ್ತಿ. ಕಂಪ್ಯೂಟರ್ ಕೆಲಸಕ್ಕೆ ಅಪರೂಪ.

ಎಲ್ಲರೂ ಬನ್ನಿ ಅನ್ನುವ ಮಾತುಗಳು

‘ಆಲ್ ಹ್ಯಾಂಡ್ಸ್ ಆನ್ ಡೆಕ್’ ಹಡಗಿನ ಕೂಗು. ಇಂಗ್ಲಿಷ್ ನಾವಿಕರ ಮಾತಿನಲ್ಲಿ ‘ಹ್ಯಾಂಡ್’ ಅಂದರೆ ಕೆಲಸದಾಳು. ಬಿರುಗಾಳಿಯೋ ಯುದ್ಧವೋ ಬಂದಾಗ, ಪಾಳಿ ಮುಗಿಸಿ ಕೆಳಗೆ ಮಲಗಿದವರೂ ಎದ್ದು ಮೇಲೆ ಬರಬೇಕು ಎಂಬ ಆಜ್ಞೆ ಇದು. ಉದುಮ, ಪಾಲಕ್ಕುನ್ನು, ಕೋಟಿಕುಳಂ ಕಡೆ ಹಡಗಿನಲ್ಲಿ ದುಡಿಯುವವರ ಮನೆಗಳು ಬಹಳ ಇವೆ. ಅವರಿಗೆ ಈ ಮಾತಿನ ಗಾಂಭೀರ್ಯ ಗೊತ್ತು. ಆಫೀಸಿನಲ್ಲಿ ಇದು ಬಂದರೆ ಅರ್ಥ ಇಷ್ಟು: ಇದು ನನ್ನ ವಿಭಾಗದ್ದಲ್ಲ ಎಂದು ಹೇಳುವ ಹೊತ್ತು ಇದಲ್ಲ.

‘ಪುಲ್ ಔಟ್ ಆಲ್ ದ ಸ್ಟಾಪ್ಸ್’ ಕೇಳಿದಾಗ ಬಸ್ ಸ್ಟಾಪು ನೆನಪಾಗುತ್ತದೆ, ಅಲ್ವಾ? ಇದು ಚರ್ಚಿನ ಪೈಪ್ ಆರ್ಗನ್ನಿನದು. ಆ ವಾದ್ಯದಲ್ಲಿ ಕೊಳವೆಗಳ ಸಾಲುಗಳಿರುತ್ತವೆ. ಪ್ರತಿ ಸಾಲಿಗೂ ಗಾಳಿ ಬಿಡಲು ಒಂದು ಗುಬುಟು. ಅದೇ ಸ್ಟಾಪ್. ಭಜನಾ ಮಂದಿರದ ಹಾರ್ಮೋನಿಯಂನ ಮುಂಭಾಗದಲ್ಲಿ ಎಳೆಯುವ ಗುಬುಟುಗಳು ಇದೇ ಜಾತಿಯವು. ಆರ್ಗನ್ನಿನ ಎಲ್ಲ ಗುಬುಟು ಎಳೆದರೆ ಎಲ್ಲ ಕೊಳವೆಗೂ ಗಾಳಿ ನುಗ್ಗಿ ವಾದ್ಯ ಪೂರ್ತಿ ಕಂಠದಲ್ಲಿ ನುಡಿಯುತ್ತದೆ. 1865ರಲ್ಲಿ ಮ್ಯಾಥ್ಯೂ ಆರ್ನಾಲ್ಡ್ ಎಂಬ ಇಂಗ್ಲಿಷ್ ಲೇಖಕ ಇದನ್ನು ವಾದ್ಯದಿಂದ ಮನುಷ್ಯರಿಗೆ ತಂದು ಬರೆದ. ಈಗ ಇದರ ಅರ್ಥ, ಇರುವ ಎಲ್ಲ ಶಕ್ತಿ, ದುಡ್ಡು, ಜನ ಹಾಕಿ ಕೆಲಸ ಮಾಡುವುದು.

‘ಗೋ ದ ಎಕ್ಸ್‌ಟ್ರಾ ಮೈಲ್’ ಮತ್ತೆ ಮತ್ತಾಯನದ್ದೇ, 5ನೇ ಅಧ್ಯಾಯ. ರೋಮನ್ ಆಳ್ವಿಕೆಯಲ್ಲಿ ಸೈನಿಕ ದಾರಿಯಲ್ಲಿ ಸಿಕ್ಕವರಿಂದ ಒಂದು ಮೈಲಿ ಹೊರೆ ಹೊರಿಸಬಹುದಿತ್ತು. ಅದು ಬಿಟ್ಟಿ ಕೆಲಸ. ಒಂದು ಮೈಲಿಗೆ ಕರೆದರೆ ಎರಡು ಮೈಲಿ ಹೋಗು ಎಂದು ಯೇಸು ಹೇಳಿದ. ಎರಡನೇ ಮೈಲಿ ಹೊರುವವನ ಸ್ವಂತ ಇಷ್ಟದ್ದು. ಆದ್ದರಿಂದ ಯಾರಾದರೂ ನಿಮ್ಮಿಂದ ‘ಎಕ್ಸ್‌ಟ್ರಾ ಮೈಲ್’ ಬಯಸಿದರೆ, ಕರಾರಿನಲ್ಲಿ ಇಲ್ಲದ್ದನ್ನು ಕೇಳುತ್ತಿದ್ದಾರೆ ಎಂದು ಅವರಿಗೂ ಗೊತ್ತಿದೆ.

ಮುಂದೂಡಿದ್ದೋ, ಹಿಂದೂಡಿದ್ದೋ?

ಇಲ್ಲಿ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕು. ಉಳಿದ ನುಡಿಗಟ್ಟು ತಪ್ಪಿದರೆ ಮುಜುಗರ ಆಗಬಹುದು. ಇದು ತಪ್ಪಿದರೆ ದಿನವೇ ತಪ್ಪುತ್ತದೆ.

ಕನ್ನಡದಲ್ಲಿ ಸಭೆ ತಡವಾದರೆ ‘ಮುಂದೂಡಿದರು’ ಅನ್ನುತ್ತೇವೆ. ಮುಂದಕ್ಕೆ ತಳ್ಳಿದರು ಎಂದು. ಇಂಗ್ಲಿಷಿನಲ್ಲಿ ಅದೇ ಕೆಲಸಕ್ಕೆ ‘ಪುಶ್ಡ್ ಬ್ಯಾಕ್’ ಅನ್ನುತ್ತಾರೆ. ಹಿಂದಕ್ಕೆ ತಳ್ಳಿದರು ಎಂದು. ಆಗುವುದು ಒಂದೇ, ದಿಕ್ಕು ಮಾತ್ರ ಉಲ್ಟಾ. ಕಾರಣ ಸರಳ. ನಾವು ನಡೆಯುತ್ತಿದ್ದೇವೆ, ಬರುವ ದಿನಗಳು ನಮ್ಮ ಎದುರಿಗಿವೆ ಎಂದುಕೊಂಡರೆ, ದೂರಕ್ಕೆ ಹಾಕುವುದು ಮುಂದಕ್ಕೆ ತಳ್ಳಿದಂತೆ. ಬದಲಿಗೆ ಆ ದಿನವೇ ನಮ್ಮ ಕಡೆ ನಡೆದು ಬರುತ್ತಿದೆ ಎಂದುಕೊಳ್ಳಿ. ಆಗ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿದರೆ ತಡವಾಗುತ್ತದೆ. ಕನ್ನಡ ಇಲ್ಲಿ ಮೊದಲ ಚಿತ್ರ ಹಿಡಿದಿದೆ, ಇಂಗ್ಲಿಷ್ ಎರಡನೆಯದನ್ನು.

ಹಾಗಾಗಿ ‘ಡೆಡ್‌ಲೈನ್ ಈಸ್ ಪುಶ್ಡ್ ಬ್ಯಾಕ್’ ಅಂದರೆ ಸಮಯ ಸಿಕ್ಕಿತು. ‘ಬ್ರಾಟ್ ಫಾರ್ವರ್ಡ್’ ಅಥವಾ ‘ಮೂವ್ಡ್ ಅಪ್’ ಅಂದರೆ ಇನ್ನೂ ಬೇಗ ಕೊಡಬೇಕು.

ಇನ್ನು ‘ಮೂವ್ಡ್ ಫಾರ್ವರ್ಡ್’. ಇದರಲ್ಲಿ ಇಂಗ್ಲಿಷ್ ಮನೆಮಾತಿನವರೇ ಒಪ್ಪುವುದಿಲ್ಲ. ಬುಧವಾರದ ಮೀಟಿಂಗನ್ನು ಎರಡು ದಿನ ‘ಫಾರ್ವರ್ಡ್’ ಸರಿಸಿದ್ದಾರೆ, ಈಗ ಯಾವ ದಿನ ಎಂದು ಸಂಶೋಧಕರು ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕಾರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸೋಜಿಗ ಕಂಡಿತು. ಆಗ ತಾನೇ ವಿಮಾನದಿಂದ ಇಳಿದವರಲ್ಲಿ ಶುಕ್ರವಾರ ಅಂದವರು ಜಾಸ್ತಿ. ತಾವು ಮುಂದೆ ಸಾಗಿದ ಅನುಭವ ಇನ್ನೂ ಮೈಯಲ್ಲಿ ಇದ್ದದ್ದರಿಂದ, ದಿನವನ್ನೂ ಮುಂದಕ್ಕೆ ಕೊಂಡೊಯ್ದರು.

ನಮ್ಮ ದೇಶದ ಆಫೀಸುಗಳಲ್ಲಿ ‘ಪ್ರೀಪೋನ್’ ಎಂಬ ಪದ ಇದೆ. ಬೇಗ ಮಾಡುವುದು ಎಂದು ಅರ್ಥ. ಇಲ್ಲಿ ಎಲ್ಲರಿಗೂ ಗೊತ್ತು, ಅಮೆರಿಕದವರಿಗೆ ಗೊತ್ತಿಲ್ಲದಿರಬಹುದು. ಇಂಥ ಜಾಗದಲ್ಲಿ ನುಡಿಗಟ್ಟು ಬಿಟ್ಟು ತಾರೀಖನ್ನೇ ಬರೆಯುವುದು ಒಳ್ಳೆಯದು. “12ರ ಬದಲು 14ಕ್ಕೆ” ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

‘ಇಒಡಿ’: ಯಾರ ದಿನದ ಕೊನೆ?

ಇದು ನುಡಿಗಟ್ಟಿಗಿಂತ ಚುಟುಕಕ್ಷರ. ಆದರೆ ಗೊಂದಲ ಅಷ್ಟೇ. ‘ಎಂಡ್ ಆಫ್ ಡೇ’ ಅಂದರೆ ದಿನದ ಕೊನೆ. ಸಾಮಾನ್ಯವಾಗಿ ಆಫೀಸು ಮುಚ್ಚುವ ಹೊತ್ತು, ಸಂಜೆ ಐದು ಗಂಟೆ ಎಂದಿಟ್ಟುಕೊಳ್ಳಿ. ಯಾವ ಊರಿನ ಐದು ಗಂಟೆ?

ದುಬೈಯ ಐದು ಗಂಟೆ ಅಂದರೆ ನಮಗೆ ಸಂಜೆ 6.30. ಲಂಡನ್ನಿನ ಐದು ಅಂದರೆ ಅಲ್ಲಿಯ ಬೇಸಿಗೆಯಲ್ಲಿ ನಮಗೆ ರಾತ್ರಿ 9.30, ಚಳಿಗಾಲದಲ್ಲಿ 10.30. ನ್ಯೂಯಾರ್ಕಿನದಾದರೆ ನಮಗೆ ಮರುದಿನ ನಸುಕಿನ 2.30, ಚಳಿಗಾಲದಲ್ಲಿ 3.30. ಕ್ಯಾಲಿಫೋರ್ನಿಯಾದ್ದಾದರೆ ಬೆಳಗ್ಗೆ 5.30 ಅಥವಾ 6.30. ಅಲ್ಲಿಯವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವುದರಿಂದ ಈ ಒಂದು ಗಂಟೆಯ ವ್ಯತ್ಯಾಸ. ಗಿರಾಕಿ ಅಮೆರಿಕದಲ್ಲಿದ್ದು ಮ್ಯಾನೇಜರು ಬೆಂಗಳೂರಿನಲ್ಲಿದ್ದರೆ ‘ಇಒಡಿ’ಗೆ ಒಂಬತ್ತೂವರೆಯಿಂದ ಹದಿಮೂರೂವರೆ ಗಂಟೆಗಳಷ್ಟು ಅಂತರದ ಎರಡು ಅರ್ಥ ಬರುತ್ತದೆ. ಒಂದು ರಾತ್ರಿಯ ನಿದ್ದೆ ಅದರ ಮೇಲೆ ನಿಂತಿದೆ. ಕೇಳಿಯೇ ತಿಳಿಯಬೇಕು.

‘ಎಎಸ್‌ಎಪಿ’ ಅಮೆರಿಕದ ಸೇನೆಯ ಮಾತಿನಿಂದ ಬಂದದ್ದು. ಸಾಧ್ಯವಾದಷ್ಟು ಬೇಗ ಎಂದು ಅರ್ಥ. ಇದರಲ್ಲಿ ಸಮಯವೇ ಇಲ್ಲ. ಬೇಗ ಎಂದರೆ ಹತ್ತು ನಿಮಿಷವೋ ನಾಳೆಯೋ ಎಂಬುದನ್ನು ಇದು ಹೇಳುವುದಿಲ್ಲ.

ತುಂಬಿ ಹೋಗಿದೆ ಎಂದು ಹೇಳುವುದು ಹೇಗೆ?

ಕೆಲಸ ಜಾಸ್ತಿಯಾದಾಗ ಹೇಳಿಕೊಳ್ಳಲು ಸಂಕೋಚ ಪಡುವವರು ನಮ್ಮಲ್ಲಿ ಹೆಚ್ಚು. ಹೊಸಬರಂತೂ ಇನ್ನೂ ಹೆಚ್ಚು. ಆದರೆ ಇದಕ್ಕೆ ಇಂಗ್ಲಿಷಿನಲ್ಲಿ ಮರ್ಯಾದೆಯ ಮಾತುಗಳು ಬೇಕಾದಷ್ಟಿವೆ. ಹೇಳಿದರೆ ಯಾರೂ ಸೋಮಾರಿ ಅನ್ನುವುದಿಲ್ಲ.

‘ಐ ಹ್ಯಾವ್ ಅ ಲಾಟ್ ಆನ್ ಮೈ ಪ್ಲೇಟ್’ ಅಂದರೆ ನನ್ನ ತಟ್ಟೆಯಲ್ಲೇ ಬೇಕಾದಷ್ಟಿದೆ. ಮೃದುವಾದ ಮಾತು, ಯಾರಿಗೂ ಹೇಳಬಹುದು. ‘ಸ್ನೋಡ್ ಅಂಡರ್’ ಅಂದರೆ ಹಿಮದಡಿ ಹೂತುಹೋಗಿದ್ದೇನೆ. ಹಿಮ ನಾವು ನೋಡಿಲ್ಲ. ಚಳಿದೇಶದವರಿಗೆ ಬಾಗಿಲು ತೆರೆಯಲಾಗದಷ್ಟು ಹಿಮ ಬೀಳುವುದು ಗೊತ್ತು. ‘ನೋ ಬ್ಯಾಂಡ್‌ವಿಡ್ತ್’ ರೇಡಿಯೋ, ಇಂಟರ್ನೆಟ್ಟಿನ ಮಾತು. ಒಂದು ದಾರಿಯಲ್ಲಿ ಒಂದು ಸಲಕ್ಕೆ ಇಷ್ಟೇ ಮಾಹಿತಿ ಸಾಗುತ್ತದೆ ಎಂಬುದರಿಂದ, ಈಗ ನನಗೆ ಇನ್ನೊಂದು ಕೆಲಸ ಹಿಡಿಯಲು ಎಡೆ ಇಲ್ಲ ಎಂಬ ಅರ್ಥಕ್ಕೆ ಬಂತು.

‘ಬ್ಯಾಕ್‌ಲಾಗ್’ ಎಂಬುದರ ಕಥೆ ಚಂದ. ಬೆಂಕಿಗೂಡಿನ ಹಿಂಭಾಗದಲ್ಲಿ ಇಡುವ ದಪ್ಪ ಕೊರಡು ಅದು. ನಿಧಾನ ಉರಿದು ಬೆಂಕಿ ಆರದಂತೆ ಕಾಯುತ್ತಿತ್ತು. ಆಮೇಲೆ ವ್ಯಾಪಾರದಲ್ಲಿ ಇನ್ನೂ ಪೂರೈಸದ ಆರ್ಡರುಗಳಿಗೆ ಈ ಹೆಸರು ಬಂತು. ಆರ್ಡರು ಇರುವುದು ಒಳ್ಳೆಯದೇ. ಈಗ ಬಾಕಿ ಬಿದ್ದ ಕೆಲಸದ ರಾಶಿಗೆ ಹೇಳುತ್ತಾರೆ. ಕಾಲೇಜಿನಲ್ಲಿ ಪಾಸಾಗದೆ ಉಳಿದ ವಿಷಯಕ್ಕೂ ನಮ್ಮ ಮಕ್ಕಳು ಇದನ್ನೇ ಹೇಳುತ್ತಾರೆ.

ಮೇಲಿನ ಮೆಸೇಜಿನ ‘ಕ್ಯಾನ್ ಯು ಸ್ಟ್ರೆಚ್’ ಹೆಚ್ಚಾಗಿ ನಮ್ಮ ದೇಶದ ಆಫೀಸುಗಳ ಮಾತು. ಪಾಳಿ ಮುಗಿದ ಮೇಲೂ ಕೂರುತ್ತೀಯಾ ಎಂದು ಕೇಳುವುದು. ಇದು ಆಜ್ಞೆಯ ರೂಪದಲ್ಲಿಲ್ಲ, ಪ್ರಶ್ನೆಯ ರೂಪದಲ್ಲಿದೆ. ಆದ್ದರಿಂದ ಉತ್ತರ ಕೊಡಬಹುದು. ಬರೀ ‘ಹೌದು’ ಅಥವಾ ‘ಇಲ್ಲ’ ಎನ್ನುವುದಕ್ಕಿಂತ ಕೈಯಲ್ಲಿ ಏನಿದೆ, ಎಷ್ಟು ಹೊತ್ತು ಕೂರಬಹುದು, ಯಾವುದು ಮೊದಲು ಬೇಕು ಎಂಬ ಮೂರನ್ನೂ ಬರೆದರೆ ಮೇಲಿನವರಿಗೂ ಲೆಕ್ಕ ಹಾಕಲು ಸುಲಭ. ಉದಾಹರಣೆಗೆ ಹೀಗೆ: “ಐ ಕ್ಯಾನ್ ಸ್ಟೇ ಟಿಲ್ ಎಯ್ಟ್. ಐ ಹ್ಯಾವ್ ಟು ರಿಪೋರ್ಟ್ಸ್ ಪೆಂಡಿಂಗ್. ವಿಚ್ ಒನ್ ಶುಡ್ ಐ ಫಿನಿಶ್ ಫಸ್ಟ್?” ಎಂಟು ಗಂಟೆ ತನಕ ಇರುತ್ತೇನೆ, ಎರಡು ರಿಪೋರ್ಟು ಬಾಕಿ ಇದೆ, ಯಾವುದು ಮೊದಲು ಮುಗಿಸಲಿ ಎಂದು. ಇದರಲ್ಲಿ ಒಂದೂ ನುಡಿಗಟ್ಟು ಇಲ್ಲ. ಬೇಕಾಗಿಯೂ ಇಲ್ಲ.